ಕಂದು ಕಡಲಕಳೆಯ ಸಾರ: ಸೀರಮ್, ಕ್ರೀಮುಗಳಲ್ಲಿ ಬಳಸುವ ಬಗೆ

ಕ್ರೀಮು, ಸೀರಮ್ ತಯಾರಿಸಲು ತೊಡಗಿದವರಿಗೆ ಕಡಲಕಳೆಯ ಸಾರ ಬೇಗ ಇಷ್ಟವಾಗುತ್ತದೆ. ಹೆಸರಿನಲ್ಲೇ ಒಂದು ಸೆಳೆತವಿದೆ, ಚರ್ಮದ ಮೇಲೆ ಹಿತವಾಗಿಯೂ ಕೂರುತ್ತದೆ. ಆದರೆ ಬಾಟಲಿ ತಂದು, ಎಲ್ಲೋ ಓದಿದ ಪ್ರಮಾಣದಲ್ಲಿ ಬೆರೆಸಿದ ಮೇಲೆ ಜೆಲ್ ನೀರಾಯಿತು, ಕ್ರೀಮು ಒಡೆಯಿತು, ಕೆಲವೇ ವಾರಗಳಲ್ಲಿ ವಾಸನೆ ತಿರುಗಿತು ಎಂಬ ದೂರುಗಳೂ ಅಷ್ಟೇ ಸಾಮಾನ್ಯ. ಸಾರದಲ್ಲಿ ಏನೇನಿದೆ ಎಂದು ತಿಳಿಯದೆ ಬೆರೆಸಿದಾಗ ಹೀಗಾಗುತ್ತದೆ. ಕಡಲಿನ ಉಪ್ಪು, ಸಕ್ಕರೆಯ ಉದ್ದ ಸರಪಳಿಗಳು, ಪಾಲಿಫಿನಾಲ್‌ಗಳು, ವರ್ಣದ್ರವ್ಯ, ಖನಿಜ ಎಲ್ಲವೂ ಒಂದೇ ಬಾಟಲಿಯಲ್ಲಿ ಸೇರಿರುತ್ತವೆ. ಅದರಲ್ಲಿ ನಿಮಗೆ ಬೇಕಾದದ್ದು ಯಾವುದು ಎಂದು ಮೊದಲು ತೀರ್ಮಾನಿಸಿದರೆ ಮುಂದಿನ ಅರ್ಧ ಕೆಲಸ ಹಗುರಾಗುತ್ತದೆ.

ಮೊದಲ ಹಂತ: ಸಾರದಿಂದ ಏನು ಬೇಕು?

ಕಂದು ಕಡಲಕಳೆಗಳಿಗೆ ಆ ಬಣ್ಣ ಕೊಡುವುದು ಫ್ಯೂಕೋಜಾಂಥಿನ್ ಎಂಬ ಕ್ಯಾರೊಟಿನಾಯ್ಡ್. ಒಳಗಿರುವ ಹಸಿರನ್ನು ಅದು ಮುಚ್ಚಿಬಿಡುತ್ತದೆ. ಇದು ಎಣ್ಣೆಯಲ್ಲಿ ಕರಗುವ ವಸ್ತು. ಬೆಳಕು, ಗಾಳಿ, ಬಿಸಿ ಮೂರಕ್ಕೂ ಬೇಗ ಸೋಲುತ್ತದೆ. ನೀರು–ಗ್ಲಿಸರಿನ್ ಸಾರದಲ್ಲಿ ಇದನ್ನು ನಿರೀಕ್ಷಿಸಬೇಡಿ. ಬೇಕೆಂದರೆ ಆಲ್ಕೊಹಾಲ್‌ನಿಂದಲೋ ಒತ್ತಡದ ಕಾರ್ಬನ್ ಡೈಆಕ್ಸೈಡ್‌ನಿಂದಲೋ ತೆಗೆದು ಎಣ್ಣೆಯಲ್ಲಿ ಕರಗಿಸಿದ ಸಾರವನ್ನೇ ಹುಡುಕಬೇಕು.

ಚರ್ಮದ ತೇವ ಹಿಡಿದಿಡುವುದು ಗುರಿಯಾದರೆ ನಿಮಗೆ ಬೇಕಾದವು ಸಕ್ಕರೆಯ ಆ ಉದ್ದ ಸರಪಳಿಗಳು, ಅಂದರೆ ಪಾಲಿಸ್ಯಾಕರೈಡ್‌ಗಳು: ಆಲ್ಜಿನೇಟ್, ಫ್ಯೂಕಾಯ್ಡನ್, ಲ್ಯಾಮಿನರಿನ್. ಇವುಗಳಲ್ಲಿ ಆಲ್ಜಿನಿಕ್ ಆಮ್ಲವನ್ನು ಸ್ಟ್ಯಾನ್‌ಫೋರ್ಡ್ ಎಂಬ ಬ್ರಿಟಿಷ್ ರಸಾಯನತಜ್ಞ 1881ರಲ್ಲಿ ಗುರುತಿಸಿದ. ಫ್ಯೂಕಾಯ್ಡನ್ನನ್ನು ಸ್ವೀಡನ್ನಿನ ಹರಾಲ್ಡ್ ಕೈಲಿನ್ 1913ರಲ್ಲಿ ಬೇರ್ಪಡಿಸಿದ. ಇವೆಲ್ಲ ದೊಡ್ಡ ಅಣುಗಳು, ಚರ್ಮದ ಮೇಲ್ಪದರವನ್ನು ದಾಟಿ ಒಳಗೆ ಇಳಿಯುವ ಗಾತ್ರದವಲ್ಲ. ಡಾಲ್ಟನ್ ಎಂಬುದು ಅಣುತೂಕದ ಅಳತೆ; ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟುವುದು ಕಷ್ಟ. ಫ್ಯೂಕಾಯ್ಡನ್ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಾಗೆಂದು ಅದು ನಿಷ್ಪ್ರಯೋಜಕವಲ್ಲ. ಮೇಲೆ ಕುಳಿತು ತೆಳುವಾದ ಪೊರೆ ಕಟ್ಟುತ್ತದೆ, ನೀರಿನಂಶ ಆರಿಹೋಗುವುದನ್ನು ತಗ್ಗಿಸುತ್ತದೆ, ಹಚ್ಚಿದ ಕೂಡಲೇ ಚರ್ಮ ನಯವಾದಂತೆ ಕಾಣುತ್ತದೆ. ಅಷ್ಟನ್ನು ಹೇಳಿಕೊಂಡರೆ ಸಾಕು. "ಆಳಕ್ಕೆ ಇಳಿದು ಕೊಲಾಜನ್ ಕಟ್ಟುತ್ತದೆ" ಎಂದು ಲೇಬಲ್ ಮೇಲೆ ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಆಂಟಿಆಕ್ಸಿಡೆಂಟ್ ಗುಣ ಬೇಕಾದವರು ಫ್ಲೋರೋಟ್ಯಾನಿನ್ ಕಡೆಗೆ ನೋಡಬೇಕು. ಫ್ಲೋರೋಗ್ಲೂಸಿನಾಲ್ ಎಂಬ ಚಿಕ್ಕ ಘಟಕಗಳು ಜೋಡಿಕೊಂಡು ಆದ ಈ ಪಾಲಿಫಿನಾಲ್‌ಗಳು ಕಂದು ಕಡಲಕಳೆಗಳ ಸ್ವಂತ ಸೊತ್ತು, ನೆಲದ ಗಿಡಗಳ ಟ್ಯಾನಿನ್‌ಗಳೇ ಬೇರೆ. ಎಕ್ಲೋನಿಯಾ ಕಾವಾ, ಫ್ಯೂಕಸ್ ವೆಸಿಕ್ಯುಲೋಸಸ್, ಆಸ್ಕೋಫಿಲಮ್ ನೊಡೋಸಮ್ ಈ ವಿಷಯದಲ್ಲಿ ಹೆಸರಾದ ಪ್ರಭೇದಗಳು. ಲ್ಯಾಮಿನೇರಿಯಾ ಮತ್ತು ಅದರ ಬಳಗದ ದೊಡ್ಡ ಕಂದು ಕಡಲಕಳೆಗಳಾದ ಕೆಲ್ಪ್‌ಗಳು ಪಾಲಿಸ್ಯಾಕರೈಡ್, ಮ್ಯಾನಿಟಾಲ್‌ಗಳಿಗೆ ಹೆಸರುವಾಸಿ.

ಪುರಾವೆ ಎಷ್ಟಿದೆ ಎಂದು ಕೇಳುವುದು ನ್ಯಾಯ. ಪ್ರಯೋಗಾಲಯದ ಕೋಶಗಳ ಮೇಲಿನ ಅಧ್ಯಯನಗಳು ಹೇರಳವಾಗಿವೆ. ಮನುಷ್ಯರ ಚರ್ಮದ ಮೇಲಿನವು ಕಡಿಮೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫ್ಯೂಕಸ್ ವೆಸಿಕ್ಯುಲೋಸಸ್ ಸಾರ 1 ಪ್ರತಿಶತ ಇದ್ದ ಜೆಲ್ಲನ್ನು ದಿನಕ್ಕೆ ಎರಡು ಬಾರಿ, ಐದು ವಾರ ಕೆನ್ನೆಗೆ ಹಚ್ಚಿದಾಗ ಚರ್ಮದ ಸ್ಥಿತಿಸ್ಥಾಪಕತೆ ಹೆಚ್ಚಿದ್ದು ಅಳತೆಗೆ ಸಿಕ್ಕಿತು. ಉತ್ತೇಜನಕಾರಿ ಫಲಿತಾಂಶವೇ. ಆದರೆ ಅಲ್ಲಿನ 1 ಪ್ರತಿಶತಕ್ಕೂ ನಿಮ್ಮ ಕೈಯಲ್ಲಿರುವ ಬಾಟಲಿಯ 1 ಪ್ರತಿಶತಕ್ಕೂ ಸಂಬಂಧವಿಲ್ಲದಿರಬಹುದು. ಏಕೆಂಬುದು ಮುಂದಿನ ಹಂತದಲ್ಲಿದೆ.

ಎರಡನೆಯ ಹಂತ: ಕೊಳ್ಳುವ ಮುನ್ನ ಕೇಳಬೇಕಾದ್ದು

ಮಾರುವವರನ್ನು ಈ ವಿವರ ಕೇಳಿ: ಪ್ರಭೇದದ ಪೂರ್ಣ ವೈಜ್ಞಾನಿಕ ಹೆಸರು, ಯಾವ ದ್ರಾವಕದಲ್ಲಿ ತೆಗೆದದ್ದು, ಒಣ ಅಂಶ ಎಷ್ಟು ಪ್ರತಿಶತ, ಪಿಎಚ್ ಎಷ್ಟು, ಯಾವ ಪ್ರಿಸರ್ವೇಟಿವ್ ಸೇರಿಸಿದ್ದಾರೆ, ಶಿಫಾರಸು ಮಾಡಿದ ಬಳಕೆಯ ಮಿತಿ ಯಾವುದು. ಜೊತೆಗೆ ಆ ಬ್ಯಾಚಿನ ವಿಶ್ಲೇಷಣಾ ಪತ್ರ. "ಕಡಲಕಳೆ ಸಾರ" ಎಂದಷ್ಟೇ ಹೇಳಿ ಪ್ರಭೇದದ ಹೆಸರು ಕೊಡದವರ ಸರಕು ಬೇಡ.

ಒಣ ಅಂಶದ ಲೆಕ್ಕವನ್ನು ನೀವೇ ಹಾಕಿ ನೋಡಿ. ದ್ರವ ಸಾರದಲ್ಲಿ ಒಣ ಅಂಶ 5 ಪ್ರತಿಶತ ಇದೆ, ಅದನ್ನು ನೀವು ಸೀರಮ್‌ಗೆ 4 ಪ್ರತಿಶತ ಹಾಕುತ್ತೀರಿ ಎಂದಿಟ್ಟುಕೊಳ್ಳಿ. ಚರ್ಮಕ್ಕೆ ತಲಪುವ ನಿಜವಾದ ಕಡಲಕಳೆಯ ಅಂಶ 0.2 ಪ್ರತಿಶತ ಮಾತ್ರ; ಉಳಿದದ್ದು ನೀರು, ಗ್ಲಿಸರಿನ್. ಪುಡಿ ರೂಪದ ಸಾರ ಹೆಚ್ಚು ಗಾಢವೆಂದು ತೋರಿದರೂ ಅದರಲ್ಲಿ ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್‌ಟ್ರಿನ್ ಎಷ್ಟು ಬೆರೆತಿದೆ ಎಂದು ಕೇಳಲೇಬೇಕು. ಒಣಗಿಸುವಾಗ ಆಧಾರವಾಗಿ ಅದನ್ನು ಸೇರಿಸುವ ವಾಡಿಕೆ ಇದೆ. ಸಾಮಾನ್ಯವಾಗಿ ಗ್ಲಿಸರಿನ್ ದ್ರವ ಸಾರವನ್ನು 1ರಿಂದ 5 ಪ್ರತಿಶತ, ಪುಡಿ ಸಾರವನ್ನು 0.1ರಿಂದ 1 ಪ್ರತಿಶತ ಬಳಸುತ್ತಾರೆ. ಆದರೆ ತಯಾರಕರು ಕೊಟ್ಟ ಮಿತಿಯೇ ಕೊನೆಯ ಮಾತು.

ವಿಶ್ಲೇಷಣಾ ಪತ್ರದಲ್ಲಿ ಮೊದಲು ಕಣ್ಣು ಹೋಗಬೇಕಾದ್ದು ಭಾರಲೋಹಗಳ ಸಾಲಿಗೆ. ಕಂದು ಕಡಲಕಳೆಗಳು ನೀರಿನಲ್ಲಿರುವ ಆರ್ಸೆನಿಕ್, ಕ್ಯಾಡ್ಮಿಯಂ, ಸೀಸವನ್ನು ಹೀರಿ ಹಿಡಿದುಕೊಳ್ಳುತ್ತವೆ. ಅವು ಬೆಳೆದ ನೀರು ಹೇಗಿತ್ತೋ ಸಾರವೂ ಹಾಗೆ. ಅಯೋಡಿನ್ ಪ್ರಮಾಣವನ್ನೂ ನೋಡಿ. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕುರ್ತ್ವಾ ಅಯೋಡಿನ್ ಕಂಡುಹಿಡಿದದ್ದೇ ಕಡಲಕಳೆಯ ಬೂದಿಯಲ್ಲಿ. ಲ್ಯಾಮಿನೇರಿಯಾ ಜಾತಿಯಲ್ಲಿ ಅದು ವಿಶೇಷವಾಗಿ ಹೆಚ್ಚು. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು ಮೈತುಂಬಾ ಹಚ್ಚುವ ಉತ್ಪನ್ನಕ್ಕೆ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು.

ಒಣ ಕಡಲಕಳೆ ತಂದು ಮನೆಯಲ್ಲೇ ಕುದಿಸಿ ಸೋಸಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಬೇಡ. ಆ ಕಷಾಯದ ಗಾಢತೆ ಪ್ರತಿ ಸಲವೂ ಬದಲಾಗುತ್ತದೆ, ಲೋಹ ಎಷ್ಟಿದೆ ಗೊತ್ತಾಗುವುದಿಲ್ಲ, ಸೂಕ್ಷ್ಮಾಣುಗಳಿಗೆ ಅದಕ್ಕಿಂತ ಹಿತವಾದ ಆಹಾರ ಇನ್ನೊಂದಿಲ್ಲ. ಪುಡಿಯೇ ಇಷ್ಟವೆಂದರೆ ಸೌಂದರ್ಯವರ್ಧಕ ದರ್ಜೆಯ ನುಣ್ಣನೆಯ ಪುಡಿಯನ್ನು ಜೇಡಿಯೊಂದಿಗೆ ಬೆರೆಸಿ ಒಣಗಿದ್ದಾಗಲೇ ಇಟ್ಟುಕೊಳ್ಳಿ. ಬೇಕಾದಾಗ ನೀರಲ್ಲಿ ಕಲಸಿ ಮುಖಕ್ಕೆ ಹಚ್ಚಿ, ತೊಳೆದುಕೊಂಡು, ಉಳಿದದ್ದನ್ನು ಚೆಲ್ಲಿಬಿಡಿ.

ಮೂರನೆಯ ಹಂತ: ಜೊತೆಗಾರರನ್ನು ಆರಿಸುವುದು

ಫಾರ್ಮುಲಾ ಕೆಡುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಉಪ್ಪು. ಕಾರ್ಬೊಮರ್‌ನಿಂದ ಗಟ್ಟಿಯಾದ ಜೆಲ್ಲಿಗೆ ಕಡಲಕಳೆಯ ಸಾರ ಬಿದ್ದರೆ ಅದರಲ್ಲಿನ ಲವಣಗಳು ಜೆಲ್ಲಿನ ಬಲವನ್ನು ಮುರಿಯುತ್ತವೆ. ನೋಡನೋಡುತ್ತಲೇ ಅದು ತೆಳ್ಳಗಾಗುತ್ತದೆ. ಇನ್ನಷ್ಟು ಕಾರ್ಬೊಮರ್ ಸುರಿಯುವುದು ಪರಿಹಾರವಲ್ಲ. ಕ್ಸ್ಯಾಂಥನ್ ಗಮ್, ಸ್ಕ್ಲೆರೋಷಿಯಂ ಗಮ್, ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್ ಇವು ಉಪ್ಪನ್ನು ತಾಳಿಕೊಳ್ಳುತ್ತವೆ. ಅವುಗಳಲ್ಲೊಂದನ್ನು ಆರಿಸಿ.

ಎರಡನೆಯದು ವಿದ್ಯುದಾವೇಶ. ಆಲ್ಜಿನೇಟ್, ಫ್ಯೂಕಾಯ್ಡನ್ ಎರಡೂ ಋಣ ಆವೇಶ ಹೊತ್ತವು. ಧನ ಆವೇಶದ ವಸ್ತುಗಳಾದ ಬೆಹೆನ್‌ಟ್ರಿಮೋನಿಯಂ ಜಾತಿಯ ಎಮಲ್ಸಿಫೈಯರ್ (ಎಣ್ಣೆ, ನೀರನ್ನು ಬೆಸೆಯುವ ವಸ್ತು), ಸೆಟ್ರಿಮೋನಿಯಂ ಕ್ಲೋರೈಡ್, ಪಾಲಿಕ್ವಾಟರ್ನಿಯಂಗಳು, ಕೈಟೋಸಾನ್ ಇವುಗಳ ಜೊತೆ ಸೇರಿದರೆ ಒಂದಕ್ಕೊಂದು ಅಂಟಿ ಎಳೆಎಳೆಯಾಗಿ ಕೂರಬಹುದು, ಕ್ರೀಮು ಒಡೆಯಲೂಬಹುದು. ಆವೇಶವಿಲ್ಲದ ಎಮಲ್ಸಿಫೈಯರ್‌ಗಳೇ ಸುರಕ್ಷಿತ: ಸೆಟಿಯರಿಲ್ ಒಲಿವೇಟ್–ಸಾರ್ಬಿಟಾನ್ ಒಲಿವೇಟ್ ಜೋಡಿ, ಅಥವಾ ಗ್ಲಿಸರಿಲ್ ಸ್ಟಿಯರೇಟ್–ಪೆಗ್-100 ಸ್ಟಿಯರೇಟ್ ಜೋಡಿ.

ಮೂರನೆಯದು ಲೋಹದ ಅಯಾನುಗಳು. ಕ್ಯಾಲ್ಸಿಯಂ ಸಿಕ್ಕಿದರೆ ಆಲ್ಜಿನೇಟ್ ಗಂಟುಗಂಟಾಗಿ ಜೆಲ್ ಕಟ್ಟುತ್ತದೆ. ಆದ್ದರಿಂದ ನಲ್ಲಿಯ ನೀರು ಬೇಡವೇ ಬೇಡ, ಡಿಸ್ಟಿಲ್ಡ್ ಅಥವಾ ಡಿಅಯನೈಸ್ಡ್ ನೀರೇ ಆಗಬೇಕು. ಕಬ್ಬಿಣದ ಅಂಶ ಪಾಲಿಫಿನಾಲ್‌ಗಳನ್ನು ಕಪ್ಪಗಾಗಿಸುತ್ತದೆ. ಗಾಜು ಅಥವಾ ಒಳ್ಳೆಯ ಸ್ಟೀಲಿನ ಪಾತ್ರೆ ಬಳಸಿ. ಡೈಸೋಡಿಯಂ ಇಡಿಟಿಎ ಅಥವಾ ಸೋಡಿಯಂ ಫೈಟೇಟ್‌ನಂಥ ಕೀಲೇಟರ್ (ಲೋಹದ ಅಯಾನುಗಳನ್ನು ಹಿಡಿದಿಡುವ ವಸ್ತು) 0.1 ಪ್ರತಿಶತದಷ್ಟು ಹಾಕಿ. ಕಾಪರ್ ಪೆಪ್ಟೈಡ್ ಜೊತೆ ಈ ಕೀಲೇಟರನ್ನು ಕೂಡಿಸಬೇಡಿ.

ಪಿಎಚ್ 5ರಿಂದ 6ರ ನಡುವೆ ಇದ್ದರೆ ಚರ್ಮಕ್ಕೂ ಸಾರಕ್ಕೂ ಹಿತ. ಪಿಎಚ್ 3.5ಕ್ಕಿಂತ ಕೆಳಗಿಳಿದರೆ ಆಲ್ಜಿನೇಟ್ ಆಮ್ಲರೂಪಕ್ಕೆ ತಿರುಗಿ ಕರಗದೆ ಬೀಳುತ್ತದೆ. ಶುದ್ಧ ವಿಟಮಿನ್ ಸಿ ಸೀರಮ್, ಗ್ಲೈಕಾಲಿಕ್ ಆಮ್ಲದ ಪೀಲ್ ಇವುಗಳಲ್ಲಿ ಈ ಸಾರಕ್ಕೆ ಜಾಗವಿಲ್ಲ. ನಯಾಸಿನಮೈಡ್, ಪ್ಯಾಂಥೆನಾಲ್, ಗ್ಲಿಸರಿನ್, ಹಯಾಲುರಾನಿಕ್ ಆಮ್ಲ ಇವುಗಳೊಂದಿಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ಪ್ರಿಸರ್ವೇಟಿವ್. ಬಾಟಲಿಯಲ್ಲಿ ಆಗಲೇ ಪ್ರಿಸರ್ವೇಟಿವ್ ಇದೆಯಲ್ಲ ಎಂದು ಬಿಟ್ಟುಬಿಡುವವರಿದ್ದಾರೆ. ಸಾರದಲ್ಲಿ 0.5 ಪ್ರತಿಶತ ಸೋಡಿಯಂ ಬೆಂಜೊಯೇಟ್ ಇದ್ದು ನೀವು 4 ಪ್ರತಿಶತ ಸಾರ ಹಾಕಿದರೆ ಸೀರಮ್‌ನಲ್ಲಿ ಉಳಿಯುವುದು 0.02 ಪ್ರತಿಶತ. ಅದರಿಂದ ರಕ್ಷಣೆ ಸಿಗುವುದಿಲ್ಲ. ನೀರು, ಸಕ್ಕರೆ, ಖನಿಜ ಮೂರೂ ಇರುವ ಉತ್ಪನ್ನಕ್ಕೆ ಬ್ಯಾಕ್ಟೀರಿಯಾ, ಬೂಷ್ಟು ಎರಡನ್ನೂ ತಡೆಯುವ ವ್ಯವಸ್ಥೆ ಬೇಕು. ಫೀನಾಕ್ಸಿಎಥನಾಲ್–ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಮಿಶ್ರಣ 1 ಪ್ರತಿಶತ ಒಳ್ಳೆಯ ಆಯ್ಕೆ. ಬೆಂಜೊಯೇಟ್–ಸಾರ್ಬೇಟ್ ಜೋಡಿ ಬಯಸುವವರು ಪಿಎಚ್ಚನ್ನು 5ರ ಆಚೆ ಹೋಗಗೊಡಬಾರದು, ಮೇಲೇರಿದಷ್ಟೂ ಅವುಗಳ ಶಕ್ತಿ ಕುಂದುತ್ತದೆ. ವಿಟಮಿನ್ ಇ ಎಣ್ಣೆ ಕಮಟುವುದನ್ನು ತಡೆಯುತ್ತದೆಯೇ ಹೊರತು ಸೂಕ್ಷ್ಮಾಣುಗಳನ್ನಲ್ಲ.

ನಾಲ್ಕನೆಯ ಹಂತ: ಒಂದು ಸರಳ ಜೆಲ್ ಸೀರಮ್

ಮೊದಲ ಪ್ರಯೋಗಕ್ಕೆ ಸೀರಮ್ ಆರಿಸಿ, ಬೇರೆ ಆಕ್ಟಿವ್ ಯಾವುದೂ ಬೇಡ. ಪರಿಣಾಮವಾದರೂ ತೊಂದರೆಯಾದರೂ ಯಾವುದರಿಂದ ಬಂತೆಂದು ತಿಳಿಯಬೇಕಲ್ಲ. ಎಲ್ಲವನ್ನೂ ತೂಕದಲ್ಲೇ ಅಳೆಯಿರಿ, 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. 100 ಗ್ರಾಂಗೆ:

ಡಿಸ್ಟಿಲ್ಡ್ ನೀರು – 89.4 ಗ್ರಾಂ
ಡೈಸೋಡಿಯಂ ಇಡಿಟಿಎ – 0.1 ಗ್ರಾಂ
ಗ್ಲಿಸರಿನ್ – 4 ಗ್ರಾಂ
ಕ್ಸ್ಯಾಂಥನ್ ಗಮ್, ಪಾರದರ್ಶಕ ದರ್ಜೆ – 0.5 ಗ್ರಾಂ
ಪ್ಯಾಂಥೆನಾಲ್ – 1 ಗ್ರಾಂ
ಕಂದು ಕಡಲಕಳೆಯ ಗ್ಲಿಸರಿನ್ ಸಾರ – 4 ಗ್ರಾಂ
ಫೀನಾಕ್ಸಿಎಥನಾಲ್–ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ – 1 ಗ್ರಾಂ

ಪಾತ್ರೆ, ಚಮಚ, ತುಂಬಿಸುವ ಬಾಟಲಿ ಎಲ್ಲವನ್ನೂ ತೊಳೆದು, 70 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ, ತಾನಾಗಿ ಆರಲು ಬಿಡಿ. ಬಟ್ಟೆಯಿಂದ ಒರೆಸಬೇಡಿ.

ನೀರಿಗೆ ಇಡಿಟಿಎ ಹಾಕಿ ಪೂರ್ತಿ ಕರಗಿಸಿ. ಇನ್ನೊಂದು ಪುಟ್ಟ ಬಟ್ಟಲಲ್ಲಿ ಗ್ಲಿಸರಿನ್ ತೆಗೆದುಕೊಂಡು ಅದರ ಮೇಲೆ ಕ್ಸ್ಯಾಂಥನ್ ಗಮ್ ಉದುರಿಸಿ, ಗಂಟಿಲ್ಲದಂತೆ ಕಲಸಿ. ಈ ಕಲಸನ್ನು ನೀರಿಗೆ ಸುರಿಯುತ್ತಾ ಒಂದೇ ಸಮನೆ ಕದಡಿ. ಅರ್ಧ ಗಂಟೆ ಬಿಟ್ಟರೆ ಗಮ್ ನೀರು ಕುಡಿದು ಒಂದೇ ಹದಕ್ಕೆ ಬರುತ್ತದೆ. ಗಮ್ಮನ್ನು ನೇರವಾಗಿ ನೀರಿಗೆ ಹಾಕಿದರೆ ಮೀನಿನ ಕಣ್ಣಿನಂಥ ಗುಳ್ಳೆಗಂಟುಗಳು ನಿಂತುಬಿಡುತ್ತವೆ, ಆಮೇಲೆ ಎಷ್ಟು ಕದಡಿದರೂ ಹೋಗುವುದಿಲ್ಲ. ಪುಡಿ ಸಾರ ಬಳಸುವವರಿಗೂ ಇದೇ ಕ್ರಮ: ಗ್ಲಿಸರಿನ್‌ನಲ್ಲಿ ನೆನೆಸಿ, ಆಮೇಲೆ ನೀರಿಗೆ. ಕರಗದ ಚೂರು ಕಂಡರೆ ಸೋಸಿ.

ನಂತರ ಪ್ಯಾಂಥೆನಾಲ್, ಆಮೇಲೆ ಸಾರ, ಕೊನೆಗೆ ಪ್ರಿಸರ್ವೇಟಿವ್. ಪ್ರತಿಯೊಂದನ್ನೂ ಹಾಕಿದ ಮೇಲೆ ಪೂರ್ತಿ ಬೆರೆಯುವವರೆಗೆ ಕದಡಿ. ಗಾಳಿ ತುಂಬದಂತೆ ನಿಧಾನವಾಗಿ ತಿರುಗಿಸಿ. ನೊರೆ ಎದ್ದರೆ ಒಳಗೆ ಸಿಕ್ಕ ಗಾಳಿ ಬಣ್ಣ ಕೆಡಿಸುವುದನ್ನು ಚುರುಕುಗೊಳಿಸುತ್ತದೆ.

ಈಗ ಪಿಎಚ್. ಮೀಟರ್ ಇದ್ದರೆ ಉತ್ತಮ, ಪಟ್ಟಿಯಾದರೆ 0.5ರ ಅಂತರ ತೋರಿಸುವಂಥದ್ದಿರಲಿ. ಸಾರಕ್ಕೇ ಬಣ್ಣವಿರುವುದರಿಂದ ಪಟ್ಟಿಯ ಬಣ್ಣ ಓದುವಾಗ ಎಚ್ಚರ. 5.5ರ ಆಸುಪಾಸು ಬರಬೇಕು. ಹೆಚ್ಚಾಗಿದ್ದರೆ 10 ಪ್ರತಿಶತ ಸಿಟ್ರಿಕ್ ಆಮ್ಲದ ದ್ರಾವಣವನ್ನೂ ಕಡಿಮೆಯಿದ್ದರೆ 10 ಪ್ರತಿಶತ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನೂ ಹನಿಹನಿಯಾಗಿ ಹಾಕಿ, ಪ್ರತಿ ಸಲವೂ ಕದಡಿ, ಮತ್ತೆ ಅಳೆಯಿರಿ. ಹೈಡ್ರಾಕ್ಸೈಡ್ ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ.

ಸೀರಮ್ ತಿಳಿ ಚಹಾ ಬಣ್ಣಕ್ಕೆ ಬರುತ್ತದೆ, ಕಡಲಿನ ವಾಸನೆ ಸ್ವಲ್ಪ ಇರುತ್ತದೆ. ಸುಗಂಧ ತೈಲ ಸುರಿದು ಅದನ್ನು ಮುಚ್ಚುವ ಆಸೆ ಬರಬಹುದು. ಮುಖಕ್ಕೆ ಹಚ್ಚುವ, ತೊಳೆಯದೆ ಬಿಡುವ ಉತ್ಪನ್ನದಲ್ಲಿ ಅಲರ್ಜಿಯ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ. ವಾಸನೆ ತೆಗೆದ ದರ್ಜೆಯ ಸಾರವನ್ನು ಕೊಳ್ಳುವುದು ಇದಕ್ಕಿಂತ ಒಳ್ಳೆಯ ದಾರಿ. ತುಂಬಿಸಲು ಗಾಢ ಬಣ್ಣದ, ಪಂಪು ಇರುವ ಬಾಟಲಿ ಬಳಸಿ. ಬೆರಳು ಅದ್ದುವ ಡಬ್ಬಿ ಬೇಡ.

ಕ್ರೀಮು ಬೇಕೆಂದರೆ

ಎಣ್ಣೆಯ ಭಾಗಕ್ಕೆ ನಿಮ್ಮಿಷ್ಟದ ಹಗುರ ಎಣ್ಣೆ 14 ಗ್ರಾಂ, ಒಲಿವೇಟ್ ಎಮಲ್ಸಿಫೈಯರ್ 5 ಗ್ರಾಂ, ಸೆಟೈಲ್ ಆಲ್ಕೊಹಾಲ್ 2 ಗ್ರಾಂ. ನೀರಿನ ಭಾಗಕ್ಕೆ ಡಿಸ್ಟಿಲ್ಡ್ ನೀರು 69.3, ಗ್ಲಿಸರಿನ್ 4, ಕ್ಸ್ಯಾಂಥನ್ 0.3, ಇಡಿಟಿಎ 0.1 ಗ್ರಾಂ. ಆರಿದ ಮೇಲೆ ಹಾಕಲು ಸಾರ 4, ಪ್ರಿಸರ್ವೇಟಿವ್ 1, ವಿಟಮಿನ್ ಇ 0.3 ಗ್ರಾಂ. ಎಣ್ಣೆ, ನೀರು ಎರಡು ಭಾಗಗಳನ್ನೂ ಬೇರೆಬೇರೆಯಾಗಿ 75 ಡಿಗ್ರಿಗೆ ಕಾಯಿಸಿ, ಎಣ್ಣೆಯನ್ನು ನೀರಿಗೆ ಸುರಿದು ಕೈ ಬ್ಲೆಂಡರಿನಿಂದ ಎರಡು ಮೂರು ನಿಮಿಷ ಬೆರೆಸಿ. ಕಾಯಿಸುವಾಗ ಆವಿಯಾದ ನೀರನ್ನು ತೂಗಿ ಮತ್ತೆ ತುಂಬಿಸಿ. ಆಮೇಲೆ ಕೈಯಿಂದ ತಿರುವುತ್ತಾ ಆರಲು ಬಿಡಿ. 40 ಡಿಗ್ರಿಗಿಂತ ಕೆಳಗೆ ಬಂದ ಮೇಲಷ್ಟೇ ಸಾರ ಸೇರಿಸಿ. ಪಾಲಿಸ್ಯಾಕರೈಡ್‌ಗಳು ಬಿಸಿಯನ್ನು ಸಾಕಷ್ಟು ತಾಳುತ್ತವೆ, ಫ್ಲೋರೋಟ್ಯಾನಿನ್‌ಗಳು ತಾಳುವುದಿಲ್ಲ. ಫ್ಯೂಕೋಜಾಂಥಿನ್ ಇರುವ ಎಣ್ಣೆ ಸಾರವಾದರೂ ಬಿಸಿ ಎಣ್ಣೆಯ ಭಾಗಕ್ಕೆ ಹಾಕದೆ ಈ ಹಂತದಲ್ಲೇ ಹಾಕಿ, ಅಷ್ಟು ತೂಕವನ್ನು 14 ಗ್ರಾಂ ಎಣ್ಣೆಯಿಂದ ಕಳೆಯಿರಿ. ಅದು ನೀರಿನ ಸಾರದ ಬದಲಿಗಾದರೆ ಆ 4 ಗ್ರಾಂ ಜಾಗಕ್ಕೆ ನೀರು ಸೇರಿಸಿ. ಸನ್‌ಸ್ಕ್ರೀನ್ ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಅದರ ರಕ್ಷಣೆಯ ಮಟ್ಟವನ್ನು ಪ್ರಯೋಗಾಲಯದಲ್ಲೇ ಅಳೆಯಬೇಕು.

ಪರೀಕ್ಷೆ

ತಯಾರಿಸಿದ ದಿನವೇ ಸಾರವಿಲ್ಲದ ಇನ್ನೊಂದು ಸಣ್ಣ ಪ್ರಮಾಣವನ್ನೂ ಮಾಡಿ. ಸಾರದ ಜಾಗಕ್ಕೆ ಅಷ್ಟೇ ತೂಕದ ನೀರು. ಮುಂದೆ ಬಣ್ಣ ಬದಲಾದಾಗ, ಹದ ಕೆಟ್ಟಾಗ ಅದು ಸಾರದ ಕೆಲಸವೋ ಮೂಲ ಫಾರ್ಮುಲಾದ ದೋಷವೋ ಎಂದು ಈ ಜೋಡಿಯಿಂದ ತಕ್ಷಣ ತಿಳಿಯುತ್ತದೆ. ಇಷ್ಟು ಸುಲಭದ ಕೆಲಸವನ್ನು ಯಾಕೆ ಹೆಚ್ಚಿನವರು ಬಿಟ್ಟುಬಿಡುತ್ತಾರೋ!

ಎರಡನ್ನೂ ಮೂರು ಕಡೆ ಇಡಿ: ಫ್ರಿಜ್ಜಿನಲ್ಲಿ, ಕೋಣೆಯಲ್ಲಿ, 40 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿ. ಮರುದಿನ, ವಾರದ ನಂತರ, ಆಮೇಲೆ ತಿಂಗಳಿಗೊಮ್ಮೆಯಂತೆ ಮೂರು ತಿಂಗಳವರೆಗೆ ಪಿಎಚ್, ಬಣ್ಣ, ವಾಸನೆ, ಹದ ಬರೆದಿಡಿ. ಬಣ್ಣ ಸ್ವಲ್ಪ ಗಾಢವಾಗುವುದು ಪಾಲಿಫಿನಾಲ್ ಇರುವ ಸಾರಗಳಲ್ಲಿ ಸಹಜ. ಪಿಎಚ್ ಸಮನೆ ಜಾರುತ್ತಿದ್ದರೆ, ಹುಳಿ ವಾಸನೆ ಬಂದರೆ, ಪದರ ಬೇರ್ಪಟ್ಟರೆ ಆ ಬ್ಯಾಚನ್ನು ಚೆಲ್ಲಿ. ಇತರರಿಗೆ ಕೊಡುವ, ಮಾರುವ ಉದ್ದೇಶವಿದ್ದರೆ ಐಎಸ್‌ಒ 11930 ವಿಧಾನದ ಪ್ರಿಸರ್ವೇಟಿವ್ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಮಾಡಿಸಲೇಬೇಕು. ಕಣ್ಣಿಗೆ ಶುದ್ಧವಾಗಿ ಕಂಡ ಸೀರಮ್‌ನಲ್ಲೂ ಬ್ಯಾಕ್ಟೀರಿಯಾ ತುಂಬಿರಬಹುದು.

ಮುಖಕ್ಕೆ ಹಚ್ಚುವ ಮುನ್ನ ಮೊಣಕೈಯ ಒಳಬದಿಯ ಒಂದೇ ಜಾಗಕ್ಕೆ ದಿನಕ್ಕೆರಡು ಸಲ, 7ರಿಂದ 10 ದಿನ ಹಚ್ಚಿ ನೋಡಿ. ಕೆಂಪು, ತುರಿಕೆ, ಉರಿ ಕಾಣಿಸಿದರೆ ನಿಲ್ಲಿಸಿ. ಎಕ್ಸಿಮಾ, ತೀವ್ರ ಮೊಡವೆ ಇರುವವರಿಗೆ ಇದು ಔಷಧವಲ್ಲ. ಚರ್ಮವೈದ್ಯರ ಚಿಕಿತ್ಸೆಯನ್ನು ಬದಿಗಿಟ್ಟು ಇದನ್ನು ಹಚ್ಚಬಾರದು.

ಹೊಸ ಬಾಟಲಿ ಬಂದಾಗ

ಕಡಲಕಳೆಯ ಒಳಗಿನ ಅಂಶ ಋತುವಿನೊಂದಿಗೆ ಏರಿಳಿಯುತ್ತದೆ. ಲ್ಯಾಮಿನೇರಿಯಾದಲ್ಲಿ ಲ್ಯಾಮಿನರಿನ್, ಮ್ಯಾನಿಟಾಲ್ ಬೇಸಿಗೆ–ಶರತ್ಕಾಲಕ್ಕೆ ಹೆಚ್ಚಿ, ಚಳಿಗಾಲಕ್ಕೆ ತಗ್ಗುತ್ತವೆ. ಹಾಗಾಗಿ ಅದೇ ತಯಾರಕರ ಅದೇ ಹೆಸರಿನ ಸಾರವಾದರೂ ಬ್ಯಾಚ್ ಸಂಖ್ಯೆ ಬದಲಾದ ಕೂಡಲೇ ದೊಡ್ಡ ಪ್ರಮಾಣದಲ್ಲಿ ಬೆರೆಸಬೇಡಿ. ಹೊಸ ವಿಶ್ಲೇಷಣಾ ಪತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ಒಣ ಅಂಶ, ಪಿಎಚ್, ಲೋಹಗಳ ಸಾಲನ್ನು ಹೋಲಿಸಿ. 50 ಗ್ರಾಂ ಮಾತ್ರ ತಯಾರಿಸಿ, ಹಳೆಯ ಬ್ಯಾಚಿನ ಸೀರಮ್ ಜೊತೆಗೆ ಒಂದು ವಾರ 40 ಡಿಗ್ರಿಯಲ್ಲಿಡಿ. ಒಣ ಅಂಶ 5ರಿಂದ 4 ಪ್ರತಿಶತಕ್ಕೆ ಇಳಿದಿದ್ದರೆ 100 ಗ್ರಾಂಗೆ ಸಾರವನ್ನು 4 ಗ್ರಾಂ ಬದಲು 5 ಗ್ರಾಂ ಹಾಕಿ, ಅಷ್ಟು ನೀರನ್ನು ಕಡಿಮೆ ಮಾಡಿ, ಪಿಎಚ್ಚನ್ನು ಮತ್ತೊಮ್ಮೆ ಸರಿಪಡಿಸಿಕೊಳ್ಳಿ.